ಬರಿಗೈಯಲ್ಲಿ ತೋಟಕ್ಕೆ ಹೋಗೋಣ



ಪ್ರಕೃತಿಯ ಮಡಿಲಲ್ಲಿ ಸ್ವಲ್ಪ ಕಾಲ ಕಳೆದರೆ ಮನಸ್ಸಿಗೂ ದೇಹಕ್ಕೂ ಒಳ್ಳೆಯದು ಎಂಬ ಮಾತನ್ನು ಪೇಟೆಯವರಿಗೆ ಹೇಳಿದರೆ ಅರ್ಥವುಂಟು. ಹುಟ್ಟಿದಂದಿನಿಂದ ಕಾಡಿನ ಅಂಚಿನಲ್ಲೇ ಇರುವ ನಮಗೆ ಅದನ್ನು ಹೇಳುವುದು ಮೀನಿಗೆ ಈಜು ಕಲಿಸಿದಂತೆ ಎಂದು ನೀವು ನಗಬಹುದು. ಕೆಲವು ವರ್ಷಗಳ ಹಿಂದಿನವರೆಗೆ ನಾನೂ ಹಾಗೆಯೇ ನಗುತ್ತಿದ್ದೆ. ಈಗ ನಗುವುದಿಲ್ಲ. ಏಕೆಂದು ಹೇಳುವುದೇ ಈ ಲೇಖನದ ಉದ್ದೇಶ.

ನನ್ನದು ಆರು ಎಕರೆಯ ಹಿಡುವಳಿ. ಮೇಲಿನ ಗುಡ್ಡದಲ್ಲಿ ಕಾಫಿ, ಕೆಳಗಿನ ತಗ್ಗಿನಲ್ಲಿ ಅಡಿಕೆ. ಒಂದು ವರ್ಷ ಆಷಾಢದ ಮಳೆ ಬಿಡುವೇ ಕೊಡಲಿಲ್ಲ. ಮೊದಲನೆಯ ಸಲ ಹೊಡೆಸಿದ ಬೋರ್ಡೋ ದ್ರಾವಣ ತೊಳೆದುಹೋಯಿತು. ಎರಡನೆಯ ಸಲಕ್ಕೆ ಕೊನೆಗಾರರು ಸಿಗುವ ಹೊತ್ತಿಗೆ ಕೊಳೆರೋಗ ಹತ್ತಿ ಕಾಯಿ ಉದುರತೊಡಗಿತ್ತು. ಆ ವರ್ಷ ಅರ್ಧಕ್ಕರ್ಧ ಬೆಳೆ ಹೋಯಿತು. ಸಾಲದ ಕಂತು ನಿಂತಿತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬೆಳಗಿನವರೆಗೆ ಸೂರಿನ ಹಂಚು ಎಣಿಸುತ್ತಿದ್ದೆ. ಮನೆಯವರ ಮೇಲೆ ರೇಗಾಟ, ಆಳುಗಳ ಮೇಲೆ ಕೂಗಾಟ. ಸಂಘದ ಕಚೇರಿಯ ಮುಂದೆ ಹಾದುಹೋಗುವಾಗ ತಲೆ ತಗ್ಗಿಸಿಕೊಂಡು ನಡೆಯುವುದು ಅಭ್ಯಾಸವಾಯಿತು. ಒಂದು ದಿನ ತಲೆಸುತ್ತು ಬಂದು ವೈದ್ಯರಲ್ಲಿಗೆ ಹೋದಾಗ ರಕ್ತದೊತ್ತಡ ಏರಿರುವುದು ತಿಳಿಯಿತು.

ವೈದ್ಯರು ಮಾತ್ರೆ ಬರೆದುಕೊಟ್ಟು, “ದಿನಾ ಅರ್ಧ ಗಂಟೆ ಮರಗಿಡಗಳ ನಡುವೆ ಸುಮ್ಮನೆ ನಡೀರಿ” ಎಂದರು.

“ಏನು ಡಾಕ್ಟ್ರೇ, ಬೆಳಗಿನಿಂದ ಸಂಜೆವರೆಗೆ ನಾನು ತೋಟದಲ್ಲೇ ನಡೆಯೋನು” ಎಂದೆ.

“ತೋಟದಲ್ಲಿ ಏನು ನೋಡ್ತೀರಿ?” ಎಂದು ಕೇಳಿದರು. ಎಷ್ಟು ಸಾಲು ಕಳೆ ಹೊಡೆದರು, ಯಾವ ಗಿಡಕ್ಕೆ ಕಾಂಡಕೊರಕ ಬಿದ್ದಿದೆ, ಯಾವ ಮರದ ಗೊನೆ ಉದುರಿದೆ ಎಂದೆಲ್ಲ ಹೇಳಿದೆ.

ವೈದ್ಯರು ನಕ್ಕು, “ಅದು ನಡಿಗೆ ಅಲ್ಲ ಗೌಡ್ರೇ, ಪಹರೆ” ಎಂದರು.

ಆ ಒಂದು ಮಾತು ನನ್ನನ್ನು ಚುಚ್ಚಿತು. ಆಮೇಲೆ ಯೋಚಿಸಿದಾಗ ಅದು ನಿಜವೆಂದು ತೋರಿತು.

ತೋಟದಲ್ಲಿದ್ದೂ ತೋಟ ಕಾಣದವರು

ನಮ್ಮಲ್ಲಿ ಬಹುಮಂದಿಯ ದಿನಚರಿಯನ್ನು ನೋಡಿ. ಬೆಳಿಗ್ಗೆ ಆಳುಗಳನ್ನು ಕೆಲಸಕ್ಕೆ ಹಚ್ಚುವುದು, ಮರಗಸಿ ಹೇಗೆ ಆಯಿತೆಂದು ನೋಡುವುದು, ಗೊಬ್ಬರದ ಲೆಕ್ಕ, ಪಂಪಿನ ರಿಪೇರಿ, ಕಣದಲ್ಲಿ ಕಾಫಿ ಹರಡಿದ್ದರೆ ಮೋಡದ ಕಡೆಗೊಂದು ಕಣ್ಣು. ಗಿಡ ಕಂಡರೆ ಅದರ ಕುಂದು ಕಾಣುತ್ತದೆ, ಮೋಡ ಕಂಡರೆ ನಷ್ಟ ಕಾಣುತ್ತದೆ, ಹಕ್ಕಿ ಕಂಡರೆ ಹಣ್ಣು ತಿಂದೀತೆಂಬ ಸಂಶಯ ಕಾಣುತ್ತದೆ. ಹೀಗೆ ನೋಡುವುದು ತಪ್ಪೇನಲ್ಲ. ಕೃಷಿ ನಡೆಯುವುದೇ ಅದರಿಂದ. ಆದರೆ ದಿನವಿಡೀ, ವರ್ಷವಿಡೀ ಅದೊಂದೇ ನೋಟವಾದರೆ ತೋಟವೂ ಒಂದು ಕಚೇರಿಯಾಗಿಬಿಡುತ್ತದೆ. ಕಚೇರಿಯಲ್ಲಿ ಕುಳಿತವನಿಗೆ ಬರುವ ದಣಿವೆಲ್ಲ ನಮಗೂ ಬರುತ್ತದೆ. ಅವನಿಗೆ ಭಾನುವಾರವಾದರೂ ಬಿಡುವುಂಟು, ನಮಗೆ ಅದೂ ಇಲ್ಲ.

ವೈದ್ಯರ ಮಾತಿನಂತೆ ದಿನಾ ಬೆಳಿಗ್ಗೆ ಕಾಫಿ ಕುಡಿದ ಮೇಲೆ, ಕತ್ತಿ, ಟಾರ್ಚು, ಫೋನು ಎಲ್ಲವನ್ನೂ ಮನೆಯಲ್ಲಿಟ್ಟು ಬರಿಗೈಯಲ್ಲಿ ಹೊರಟೆ. ಮೊದಲ ವಾರ ಬಹಳ ಕಷ್ಟವಾಯಿತು. ಕೈ ತಾನಾಗಿ ಚಿಗುರು ಮುರಿಯಲು ಹೋಗುತ್ತಿತ್ತು, ಬಾಯಿ ತಾನಾಗಿ ಲೆಕ್ಕ ಹೇಳುತ್ತಿತ್ತು. ಎರಡು ಮೂರು ವಾರ ಕಳೆದ ಮೇಲೆ ಸ್ವಲ್ಪ ಸಮಾಧಾನ ಬಂತು.

ಮಾಘ ಮಾಸದ ಒಂದು ಬೆಳಿಗ್ಗೆ, ಬಿಸಿಲು ಆಗಷ್ಟೇ ಅಡಿಕೆ ಮರಗಳ ನಡುವೆ ಇಳಿಯುತ್ತಿತ್ತು. ಬಸಿಗಾಲುವೆಯ ದಂಡೆಯಲ್ಲಿ ಕುಳಿತಿದ್ದೆ. ಎದುರಿನ ಮರದ ಕಾಂಡದಲ್ಲಿ ಹಳದಿ ಬಣ್ಣದ್ದೇನೋ ಒಂದು ಕ್ಷಣ ಮಿಂಚಿ ಮರೆಯಾಯಿತು. ಕಣ್ಣು ನೆಟ್ಟು ನೋಡಿದೆ. ತೊಗಟೆಯ ಬಣ್ಣದ್ದೇ ಒಂದು ಓತಿ. ಗಂಟಲ ಕೆಳಗಿನ ಹಳದಿ ಚೀಲವನ್ನು ಬಾವುಟದಂತೆ ಬಿಚ್ಚಿ ಮಡಚಿ ಮಾಡುತ್ತಿತ್ತು. ಇರುವೆಗಳನ್ನು ಹೆಕ್ಕುತ್ತ ಮೇಲೇರಿತು. ಏರಿದ್ದೇ ತಡ, ಪಕ್ಕೆಯ ಚರ್ಮವನ್ನು ರೆಕ್ಕೆಯಂತೆ ಹರಡಿ ಮೂರು ಮರಗಳಾಚೆಗೆ ತೇಲಿಹೋಗಿ ಅಂಟಿಕೊಂಡಿತು. ಹಾರುವ ಓತಿ! ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ. ಅದೇ ತೋಟದಲ್ಲಿ ಮೂವತ್ತು ವರ್ಷ ಓಡಾಡಿದ್ದೆ.

ಕೆಲಸಕ್ಕೆ ಬಂದ ಹಿರಿಯ ಹೆಂಗಸೊಬ್ಬರಿಗೆ ಸಂಭ್ರಮದಿಂದ ಹೇಳಿದರೆ, “ಅದು ದಿನಾ ಇಲ್ಲೇ ಇರ್ತದಲ್ಲ ಅಯ್ಯಾ, ನಾವೆಲ್ಲ ನೋಡ್ತೀವಿ” ಎಂದರು. ನಾನು ಕಾಣದಿದ್ದುದು ಅದರ ತಪ್ಪಲ್ಲವಲ್ಲ! ಆ ದಿನವೆಲ್ಲ ಮನಸ್ಸು ಹಗುರವಾಗಿತ್ತು. ಆ ರಾತ್ರಿ ಬಹಳ ದಿನಗಳ ನಂತರ ನಿದ್ದೆ ಬಂತು.

ಪರೀಕ್ಷೆಗಳು ಏನು ಹೇಳುತ್ತವೆ?

ಇದು ಒಬ್ಬನ ಅನುಭವ ಮಾತ್ರ ಎಂದು ಯಾರಾದರೂ ಹೇಳಬಹುದು. ಆದುದರಿಂದ ವಿಜ್ಞಾನಿಗಳು ನಡೆಸಿರುವ ಕೆಲವು ಪರೀಕ್ಷೆಗಳನ್ನು ಇಲ್ಲಿ ಸರಳವಾಗಿ ತಿಳಿಸುತ್ತೇನೆ.

ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ರೋಗಿಗಳ ದಾಖಲೆಗಳನ್ನು ರೋಜರ್ ಅಲ್ರಿಚ್ ಎಂಬ ವಿಜ್ಞಾನಿ ಪರಿಶೀಲಿಸಿದರು. ಕೆಲವರ ಕೊಠಡಿಯ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಕೆಲವರ ಕಿಟಕಿಯಿಂದ ಇಟ್ಟಿಗೆ ಗೋಡೆ ಮಾತ್ರ. ವಯಸ್ಸು ಮುಂತಾದವುಗಳಲ್ಲಿ ಸರಿಹೊಂದುವಂತೆ 23 ಜೋಡಿಗಳನ್ನು ಮಾಡಿ ಹೋಲಿಸಿದಾಗ, ಮರ ಕಂಡವರು ಸರಾಸರಿ ಸುಮಾರು 8 ದಿನಗಳಲ್ಲಿಯೂ ಗೋಡೆ ಕಂಡವರು ಸುಮಾರು 8.7 ದಿನಗಳಲ್ಲಿಯೂ ಮನೆಗೆ ಹೋಗಿದ್ದರು. ಮರ ಕಂಡವರಿಗೆ ಕಡು ನೋವುಶಾಮಕಗಳೂ ಕಡಿಮೆ ಬೇಕಾಗಿದ್ದವು. ಈ ವರದಿ 1984ರಲ್ಲಿ ಪ್ರಕಟವಾಯಿತು. ಹಾಸಿಗೆಯ ಮೇಲೆ ಮಲಗಿ ಕಿಟಕಿಯಿಂದ ನೋಡಿದ್ದಕ್ಕೇ ಇಷ್ಟು ವ್ಯತ್ಯಾಸ!

ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ‘ಶಿನ್ರಿನ್ ಯೋಕು’ ಎಂಬ ಹೆಸರಿನಲ್ಲಿ ಒಂದು ಅಭ್ಯಾಸಕ್ಕೆ ಪ್ರೋತ್ಸಾಹ ಕೊಡಲು ತೊಡಗಿತು. ಕಾಡಿನಲ್ಲಿ ಮೀಯುವುದು ಎಂದು ಅದರ ಅರ್ಥ. ನೀರಿನಲ್ಲಿ ಮೀಯುವಂತೆ ಕಾಡಿನ ಗಾಳಿ, ಬೆಳಕು, ವಾಸನೆ, ಸದ್ದುಗಳಲ್ಲಿ ನಿಧಾನವಾಗಿ ಮುಳುಗಿರುವುದು. ಬೆಟ್ಟ ಹತ್ತುವ ಸಾಹಸವಾಗಲಿ, ದೂರದ ಲೆಕ್ಕವಾಗಲಿ ಅದರಲ್ಲಿಲ್ಲ.

2008ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಇನ್ನೊಂದು ಪರೀಕ್ಷೆಯ ಫಲ ಪ್ರಕಟವಾಯಿತು. ಅಲ್ಲಿ ಅದೇ ಜನರನ್ನು ಒಂದು ಸಲ ಮರಗಳ ಉದ್ಯಾನದಲ್ಲಿ, ಇನ್ನೊಂದು ಸಲ ಪೇಟೆಯ ಬೀದಿಯಲ್ಲಿ ನಡೆಸಿ, ನಡಿಗೆಗೆ ಮುಂಚೆಯೂ ನಂತರವೂ ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸಿದರು. ಮರಗಳ ನಡುವೆ ನಡೆದು ಬಂದಾಗ ಅವರ ನೆನಪು ಹೆಚ್ಚು ಚುರುಕಾಗಿತ್ತು.

2019ರಲ್ಲಿ ಅದೇ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ ಪರೀಕ್ಷೆಯಲ್ಲಿ 36 ಮಂದಿ ನಗರವಾಸಿಗಳನ್ನು ಎಂಟು ವಾರಗಳ ಕಾಲ ಗಮನಿಸಲಾಗಿತ್ತು. ವಾರಕ್ಕೆ ಮೂರು ಸಲ, ಕನಿಷ್ಠ ಹತ್ತು ನಿಮಿಷ, ಮನಸ್ಸಿಗೆ ಒಪ್ಪಿದ ಹಸಿರು ಜಾಗದಲ್ಲಿ ಇರಬೇಕು. ಆ ಹೊತ್ತಿನಲ್ಲಿ ಫೋನು, ಓದು, ಹರಟೆ ಕೂಡದು. ಚಿಂತೆ ಹೆಚ್ಚಾದಾಗ ದೇಹದಲ್ಲಿ ಏರುವ ಕಾರ್ಟಿಸಾಲ್ ಎಂಬ ರಸವನ್ನು ಅವರ ಎಂಜಲಿನಲ್ಲಿ ಅಳೆಯಲಾಯಿತು. ಇಪ್ಪತ್ತರಿಂದ ಮೂವತ್ತು ನಿಮಿಷದ ಅವಧಿಯಲ್ಲಿ ಅದು ಹೆಚ್ಚು ವೇಗವಾಗಿ ಇಳಿಯುವುದು ಕಂಡುಬಂತು.

ಅದೇ 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಮಂದಿಯ ವಿವರಗಳನ್ನು ಪರಿಶೀಲಿಸಿದಾಗ, ವಾರಕ್ಕೆ ಒಟ್ಟು ಎರಡು ಗಂಟೆಯಾದರೂ ಹಸಿರಿನ ನಡುವೆ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ, ಬದುಕು ತೃಪ್ತಿಕರವಾಗಿದೆ ಎಂದು ಹೆಚ್ಚಾಗಿ ಹೇಳಿದ್ದರು. ಎರಡು ಗಂಟೆಯನ್ನು ಒಂದೇ ಸಲ ಕಳೆದರೂ ಸರಿ, ಹಂಚಿ ಕಳೆದರೂ ಸರಿ. ಆರೋಗ್ಯವಂತರೇ ಹೆಚ್ಚಾಗಿ ಹೊರಗೆ ಹೋಗುತ್ತಾರೆ ಎಂಬುದೂ ಇದರಲ್ಲಿ ಸೇರಿರಬಹುದು. ಆದುದರಿಂದ ಈ ಒಂದು ಲೆಕ್ಕವನ್ನೇ ಕಟ್ಟಿಕೊಂಡು ಕೂರಬೇಕಾಗಿಲ್ಲ. ಆದರೆ ಬೇರೆ ಬೇರೆ ಕಡೆ, ಬೇರೆ ಬೇರೆ ಬಗೆಯಲ್ಲಿ ನಡೆದ ಪರೀಕ್ಷೆಗಳು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿವೆ ಎಂಬುದನ್ನು ಅಲ್ಲಗಳೆಯಲಾಗದು.

ಇದು ಆಗುವುದು ಹೇಗೆ?

ಸ್ಟೀಫನ್ ಕಪ್ಲಾನ್ ಮತ್ತು ರೇಚಲ್ ಕಪ್ಲಾನ್ ಎಂಬ ಮನಶ್ಶಾಸ್ತ್ರಜ್ಞ ದಂಪತಿಗಳು ಇದಕ್ಕೆ ಕೊಟ್ಟ ವಿವರಣೆ ನಮಗೆ ಸುಲಭವಾಗಿ ಅರ್ಥವಾಗುವಂಥದು. ಗಮನದಲ್ಲಿ ಎರಡು ಬಗೆ. ಲೆಕ್ಕ ಬರೆಯುವಾಗ, ಕಾಂಡಕೊರಕ ಬಿದ್ದ ಗಿಡ ಹುಡುಕುವಾಗ, ಜೀಪು ಓಡಿಸುವಾಗ ನಾವು ಮನಸ್ಸನ್ನು ಬಲವಂತವಾಗಿ ಒಂದು ಕಡೆ ಕಟ್ಟಿ ನಿಲ್ಲಿಸುತ್ತೇವೆ. ಇದು ನೊಗ ಹೊತ್ತ ಎತ್ತಿನಂತೆ. ಬಿಡುವಿಲ್ಲದೆ ಉತ್ತರೆ ದಣಿಯುತ್ತದೆ. ದಣಿದಾಗ ಸಣ್ಣದಕ್ಕೂ ಸಿಟ್ಟು, ಮರೆವು, ತಪ್ಪು ತೀರ್ಮಾನ. ಇನ್ನೊಂದು ಗಮನ ತಾನಾಗಿಯೇ ಹರಿಯುತ್ತದೆ. ಹಳ್ಳದ ನೀರು, ಗಾಳಿಗೆ ತೂಗುವ ಸೋಗೆ, ಅತ್ತಿ ಮರದಲ್ಲಿ ಹಣ್ಣು ತಿನ್ನುವ ಹಕ್ಕಿಗಳು, ಇವುಗಳನ್ನು ನೋಡಲು ಯಾರೂ ಒತ್ತಾಯಪಡಬೇಕಾಗಿಲ್ಲ. ಆ ಹೊತ್ತಿನಲ್ಲಿ ನೊಗದ ಎತ್ತು ಮೇವು ಮೇಯುತ್ತದೆ. ಅದರ ಬಲ ಮರಳಿ ಬರುತ್ತದೆ.

ಇದರ ಜೊತೆಗೆ ದೇಹಕ್ಕೆ ಆಗುವ ಉಪಕಾರಗಳೂ ಉಂಟು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆ–ಎಚ್ಚರಗಳ ಒಳಗಡಿಯಾರ ಸರಿಹೊಂದಿ ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರುತ್ತದೆ. ನಿಧಾನವಾದ ನಡಿಗೆ ಹೃದಯಕ್ಕೆ ಹಿತ. ಉಸಿರು ತಾನಾಗಿ ದೀರ್ಘವಾಗುತ್ತದೆ.

ಮೂರನೆಯದು ಹೇಳಲು ಕಷ್ಟವಾದದ್ದು, ಆದರೆ ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು. ಬೆಲೆ ಇಳಿದಾಗ, ಬೆಳೆ ಹೋದಾಗ ನಮ್ಮ ಲೋಕವೆಲ್ಲ ಆ ಒಂದು ನಷ್ಟದಷ್ಟೇ ಆಗಿಬಿಡುತ್ತದೆ. ಹಾರುವ ಓತಿಗೆ ನನ್ನ ಸಾಲ ಗೊತ್ತಿರಲಿಲ್ಲ. ಅದರ ಲೋಕ ಅದರ ಪಾಡಿಗೆ ನಡೆದಿತ್ತು, ನನ್ನ ತೋಟದಲ್ಲೇ ನಡೆದಿತ್ತು. ಅದನ್ನು ಕಂಡ ಮೇಲೆ ನನ್ನ ಕಷ್ಟ ಚಿಕ್ಕದಾಗಲಿಲ್ಲ. ಆದರೆ ಅದನ್ನು ಇಡಲು ಜಾಗ ದೊಡ್ಡದಾಯಿತು.

ನಮ್ಮವರೇ ಒಬ್ಬರು

ಇಂಥ ನೋಟ ಬೆಳೆಗಾರನಿಗೆ ಹೊಸದಲ್ಲ. ಮೂಡಿಗೆರೆಯ ಬಳಿ ಕಾಫಿ ಬೆಳೆದುಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ನಮ್ಮ ಹಾಗೆಯೇ ಮಳೆ, ಆಳು, ಬೆಲೆಗಳ ಜಂಜಾಟದಲ್ಲಿದ್ದವರು. ಆದರೂ ಹಕ್ಕಿಗಳ ಚಿತ್ರ ತೆಗೆಯಲು ಗಂಟೆಗಟ್ಟಲೆ ಕಾಯುತ್ತಿದ್ದರು, ಮೀನು ಹಿಡಿಯಲು ಹೊಳೆಯ ದಂಡೆಗೆ ಹೋಗುತ್ತಿದ್ದರು. 1980ರಲ್ಲಿ ಬಂದ ಅವರ ‘ಕರ್ವಾಲೊ’ ಕಾದಂಬರಿಯಲ್ಲಿ ಹುಡುಕಾಟ ನಡೆಯುವುದು ಒಂದು ಹಾರುವ ಓತಿಗಾಗಿಯೇ. ನಮ್ಮ ಹಿರಿಯರಿಗೂ ಈ ಅರಿವಿತ್ತು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಕರಾವಳಿಯಲ್ಲಿ ನಾಗಬನಗಳಿವೆ. ಕೊಡಲಿ ಹಿಡಿದು ಹೋಗಬಾರದ, ಬರಿಗೈಯಲ್ಲಿ ಮಾತ್ರ ಹೋಗಬೇಕಾದ ಒಂದಿಷ್ಟು ಜಾಗ ಊರಿಗೆ ಬೇಕೆಂದು ಅವರು ಬಗೆದಿದ್ದರು.

ಮಾಡುವ ಬಗೆ

ಇದಕ್ಕೆ ಖರ್ಚಿಲ್ಲ. ಆದರೆ ಕೆಲವು ನಿಯಮಗಳನ್ನು ಪಾಲಿಸಿದರೆ ಫಲ ಹೆಚ್ಚು.

1. ದಿನಕ್ಕೆ ಇಪ್ಪತ್ತು–ಮೂವತ್ತು ನಿಮಿಷ ಸಾಕು. ದಿನಾ ಆಗದಿದ್ದರೆ ವಾರಕ್ಕೆ ನಾಲ್ಕು ದಿನ.

2. ಬರಿಗೈಯಲ್ಲಿ ಹೋಗಿ. ಕತ್ತಿ ಇದ್ದರೆ ಕೆಲಸ ಕಾಣುತ್ತದೆ. ಫೋನು ಇದ್ದರೆ ಮಾರುಕಟ್ಟೆ ಕಾಣುತ್ತದೆ. ರೋಗವೋ ಹುಳವೋ ಕಣ್ಣಿಗೆ ಬಿದ್ದರೆ ನೆನಪಿಟ್ಟುಕೊಳ್ಳಿ, ಕೆಲಸದ ಹೊತ್ತಿಗೆ ಮರಳಿ ಬಂದು ನೋಡಿ.

3. ಒಂದು ಜಾಗವನ್ನು ಗೊತ್ತುಮಾಡಿಕೊಳ್ಳಿ. ಕೆರೆಯ ಏರಿ, ಹಳ್ಳದ ಬಂಡೆ, ಸೊಪ್ಪಿನ ಬೆಟ್ಟದ ಒಂದು ಮರದ ಬುಡ, ಯಾವುದಾದರೂ ಸರಿ. ಅಲ್ಲಿ ಹತ್ತು ನಿಮಿಷ ಅಲುಗಾಡದೆ ಕುಳಿತರೆ, ನಮ್ಮನ್ನು ಕಂಡು ಅಡಗಿದ ಹಕ್ಕಿಪಕ್ಷಿಗಳು ಮರಳಿ ಹೊರಬರುತ್ತವೆ.

4. ಮೊದಲು ಕಿವಿಗೆ ಕೆಲಸ ಕೊಡಿ. ಕುಟ್ರಹಕ್ಕಿಯ ಬಿಡದ ಕೂಗು, ಮರಕುಟಿಗನ ಬಡಿತ, ಬೇರೆ ಹಕ್ಕಿಗಳನ್ನು ಅಣಕಿಸುವ ಕಾಜಾಣ. ಕಣ್ಣು ಮುಚ್ಚಿ ಎಷ್ಟು ಬೇರೆ ಬೇರೆ ಸದ್ದು ಕೇಳುತ್ತದೆಂದು ಗಮನಿಸಿ.

5. ಕಾಲಕ್ಕೆ ತಕ್ಕ ನೋಟವನ್ನು ತಪ್ಪಿಸಿಕೊಳ್ಳಬೇಡಿ. ಹೂಮಳೆ ಬಿದ್ದು ಸುಮಾರು ಎಂಟು–ಹತ್ತು ದಿನಕ್ಕೆ ಕಾಫಿ ಗಿಡವೆಲ್ಲ ಬಿಳಿಯಾಗುವಾಗ, ಹೂ ಎಷ್ಟು ಕಚ್ಚೀತು ಎಂಬ ಲೆಕ್ಕಕ್ಕೆ ಮುನ್ನ ಒಂದು ಸಲ ಸುಮ್ಮನೆ ಅದರ ನಡುವೆ ನಿಲ್ಲಿ. ವರ್ಷವಿಡೀ ದುಡಿದದ್ದಕ್ಕೆ ಅದೂ ಒಂದು ಕೂಲಿಯೇ. ಎರಡು ಮೂರು ದಿನಗಳಲ್ಲಿ ಅದು ಬಾಡಿಹೋಗುತ್ತದೆ.

6. ಮನೆಯ ಹೆಂಗಸರಿಗೂ ಈ ಅರ್ಧ ಗಂಟೆ ಸಲ್ಲಬೇಕು. ಅಡಿಗೆಮನೆ, ಕೊಟ್ಟಿಗೆ, ಕಣಗಳ ನಡುವೆ ಅವರಿಗೆ ಬಿಡುವೇ ಇಲ್ಲ. ಅವರ ಅರ್ಧ ಗಂಟೆಯ ಕೆಲಸವನ್ನು ನಾವು ವಹಿಸಿಕೊಂಡರೆ ತಾನೇ ಅವರು ಹೋದಾರು! ಮಕ್ಕಳನ್ನು ಕರೆದೊಯ್ದರಂತೂ ನಾವು ಕಾಣದ್ದನ್ನು ಅವರೇ ತೋರಿಸುತ್ತಾರೆ.

ಕೆಲವು ಎಚ್ಚರಿಕೆಗಳು

ಕಾಡೆಂದರೆ ಬರೀ ಹಿತವೆಂದು ಹೇಳಿದರೆ ಮಲೆನಾಡಿನವರು ಒಪ್ಪುವುದಿಲ್ಲ, ಒಪ್ಪಲೂಬಾರದು. ಆನೆ ಓಡಾಡುವ ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆ ಮುಂಜಾನೆಯ ಮಬ್ಬಿನಲ್ಲಿ, ಸಂಜೆಗತ್ತಲಲ್ಲಿ ಒಬ್ಬರೇ ಹೋಗಕೂಡದು. ಬಿಸಿಲೇರಿದ ಮೇಲೆ ಮನೆಯ ಸಮೀಪದಲ್ಲೇ ಕೂರುವುದು ಲೇಸು. ಅಂಥ ಕಡೆ ಫೋನನ್ನು ಸದ್ದಡಗಿಸಿ ಜೇಬಿನಲ್ಲಿಟ್ಟುಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ಚಳಿಗಾಲದಿಂದ ಮುಂಗಾರಿನವರೆಗೆ ಅದರ ಕಾಲ. ಆ ರೋಗವಿರುವ ಊರುಗಳಲ್ಲಿ ತರಗೆಲೆಯ ಮೇಲೆ ಕೂರಬೇಡಿ, ಮೈ ಮುಚ್ಚುವ ಬಟ್ಟೆ ತೊಡಿ, ಉಣ್ಣೆ ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯನ್ನು ಆರೋಗ್ಯ ಕೇಂದ್ರದಿಂದ ಪಡೆಯಿರಿ, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ. ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಔಷಧ ಹೊಡೆದ ತೋಟಕ್ಕೆ ಒಂದೆರಡು ದಿನ ಹೋಗದಿರುವುದು ಒಳ್ಳೆಯದು.

ಇನ್ನೊಂದು ಮಾತು. ಹಸಿರು ಔಷಧಕ್ಕೆ ಬದಲಿಯಲ್ಲ. ನಾನು ಮಾತ್ರೆಯನ್ನು ನಿಲ್ಲಿಸಿಲ್ಲ. ವಾರಗಟ್ಟಲೆ ನಿದ್ದೆ ಊಟ ಸೇರದೆ, ಬದುಕೇ ಸಾಕೆನ್ನಿಸುವ ಯೋಚನೆ ಬಂದರೆ ಅದನ್ನು ಒಳಗೇ ಇಟ್ಟುಕೊಂಡು ತೋಟದಲ್ಲಿ ಒಂಟಿಯಾಗಿ ತಿರುಗಬಾರದು. ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇದರಲ್ಲಿ ನಾಚಿಕೆಯಿಲ್ಲ.

ಉಳಿಸಿಕೊಂಡರೆ ತಾನೇ

ಈ ಸುಖವೆಲ್ಲ ಇರುವುದು ತೋಟದಲ್ಲಿ ಮರ, ನೀರು, ಜೀವಜಂತು ಇರುವವರೆಗೆ. ಅತ್ತಿ, ಬಸರಿ, ಗೋಣಿ, ಹಲಸು ಮುಂತಾದ ಮರಗಳನ್ನೆಲ್ಲ ತೆಗೆದು ಒಂದೇ ಜಾತಿಯ ನೆರಳು ಮಾಡಿದರೆ ಹಣ್ಣು ತಿನ್ನುವ ಮಂಗಟ್ಟೆಯೂ ಇಲ್ಲ, ಪಿಕಳಾರವೂ ಇಲ್ಲ. ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ತೋಟದ ಎಕರೆಯೊಂದಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಬಂದಿದ್ದು ಗೊಬ್ಬರಕ್ಕಾಗಿ. ಅದು ಕಣ್ಣಿಗೆ ಕಿವಿಗೆ ಕೊಡುವುದು ಯಾವ ಪಹಣಿಯಲ್ಲೂ ಇಲ್ಲ. ಒಂದು ಒರತೆಯ ಸುತ್ತ, ಒಂದು ಹಳ್ಳದ ದಂಡೆಯಲ್ಲಿ ನಾಲ್ಕಾರು ಕಾಡುಮರಗಳನ್ನು ಹಾಗೆಯೇ ಬಿಟ್ಟರೆ ಬೆಳೆಗೆ ಅಷ್ಟೇನೂ ನಷ್ಟವಿಲ್ಲ. ನಮ್ಮ ಕೂರುವ ಜಾಗವೂ ಉಳಿಯಿತು, ನೀರೂ ಉಳಿಯಿತು.

ಕೊನೆಯದಾಗಿ, ನನ್ನ ಸಾಲದ ಕಥೆ ಏನಾಯಿತೆಂದು ನೀವು ಕೇಳಬಹುದು. ಬರಿಗೈಯಲ್ಲಿ ತೋಟ ಸುತ್ತಿದ್ದರಿಂದ ಒಂದು ರೂಪಾಯಿ ಸಾಲವೂ ತೀರಲಿಲ್ಲ. ಆದರೆ ಒಂದು ಬೆಳಿಗ್ಗೆ ಹಳ್ಳದ ಬಂಡೆಯಿಂದ ಎದ್ದವನು ಸೀದಾ ಸಂಘದ ಕಚೇರಿಗೆ ನಡೆದೆ, ತಲೆ ತಗ್ಗಿಸದೆ. ಲೆಕ್ಕವನ್ನು ಮುಂದಿಟ್ಟು, ಕಂತುಗಳನ್ನು ಹೊಂದಿಸಿಕೊಡಿ ಎಂದು ಕೇಳಿದೆ. ಅದನ್ನು ಆರು ತಿಂಗಳ ಹಿಂದೆಯೇ ಕೇಳಬಹುದಿತ್ತು. ಕೇಳುವ ಧೈರ್ಯ ಇರಲಿಲ್ಲ, ಅಷ್ಟೆ.

ಆದುದರಿಂದ ಬಾಂಧವರೇ, ನಾಳೆ ಬೆಳಿಗ್ಗೆ ಕತ್ತಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ ಅರ್ಧ ಗಂಟೆ ಹೊರಟುನೋಡಿ. ಅಡಿಕೆ ಮರದ ಕಾಂಡದಲ್ಲಿ ಹಳದಿ ಬಾವುಟ ಮಿಂಚಿದರೆ, ಕೆಲಸಕ್ಕೆ ಬರುವವರಿಗೆ ಹೇಳಲು ಹೋಗಬೇಡಿ. ಅವರು ಆಗಲೇ ನೋಡಿರುತ್ತಾರೆ.